ಮರಿಗೆಯಲ್ಲಿ ಹಣ್ಣಾದ ತಾಳ

ಹೊನ್ನಾವರದ ಬಂದರು ಕೇರಿಯ ಜಟ್ಟಪ್ಪ ಅಂಬಿಗನನ್ನು ಅವನ ಅತ್ತೆ ದುರ್ಗಮ್ಮ ಒಂದೇ ಮಾತಿನಲ್ಲಿ ಅಳೆದು ಮೂಲೆಗಿಟ್ಟಿದ್ದಳು: ಎರಡು ಮುಚ್ಚಳ ಬಡಿಯುವವ.

ಅವಳದ್ದೂ ತಪ್ಪೆನ್ನುವಂತಿಲ್ಲ. ಮಿರ್ಜಾನಿನ ಹೊಳೆ ದಂಡೆಯ ಆ ಹೆಂಗಸಿಗೆ ಕೊನೆಯ ಬಾಣಂತನದ ಜ್ವರದಲ್ಲಿ ಎರಡೂ ಕಿವಿ ಹೋಗಿದ್ದವು. ಅರವತ್ತಾರನೆಯ ಇಸವಿಯಲ್ಲಿ ಮಗಳು ಗಣಪಿಯನ್ನು ಜಟ್ಟಪ್ಪನಿಗೆ ಕೊಡುವ ಹೊತ್ತಿಗೆ ಸಿಡಿಲು ಹೊಡೆದರೂ ಅವಳಿಗೆ ಕೇಳುತ್ತಿರಲಿಲ್ಲ. ಅಳಿಯ ಬ್ಯಾಂಡಿನಲ್ಲಿ ಇದ್ದಾನೆ ಎಂದು ಕೈಸನ್ನೆಯಲ್ಲಿ ಹೇಳಿದ್ದರು. ಯಾವುದೋ ಮದುವೆಯಲ್ಲಿ ಅವನನ್ನು ಕಣ್ಣಾರೆ ಕಂಡಳು. ಕೆಂಪು ಕೋಟು ಹಾಕಿಕೊಂಡು, ಎದೆ ಉಬ್ಬಿಸಿ ನಿಂತು, ಎರಡು ದುಂಡನೆಯ ತಗಡನ್ನು ಒಂದಕ್ಕೊಂದು ತಾಗಿಸುವ ಗಂಡಸು. ಶಬ್ದ ಕೇಳದವರಿಗೆ ತಾಳ ಬಾರಿಸುವವನು ಹೇಗೆ ಕಾಣುತ್ತಾನೆ ಎಂದು ನೀವೇ ಯೋಚಿಸಿ ನೋಡಿ. ದುರ್ಗಮ್ಮ ಮಗಳ ಸೆರಗು ಜಗ್ಗಿ, ಕಿವುಡರ ದೊಡ್ಡ ದನಿಯಲ್ಲಿ ಕೇಳಿದಳು:

"ಅಲ್ದೇ ಗಣಪಿ, ನಿನ್ನ ಗಂಡ ಎಂತಕ್ಕೆ ಮುಚ್ಚಳ ಬಡೀತಾ ಇದ್ದಾ? ಅನ್ನ ಆತನಾ?"

ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಜಟ್ಟಪ್ಪನೂ ನಕ್ಕ. ಆದರೆ ಆ ನಗು ಗಂಟಲಿನಲ್ಲಿ ಮೀನಿನ ಮುಳ್ಳಾಗಿ ಸಿಕ್ಕಿಕೊಂಡು ಹದಿಮೂರು ವರ್ಷ ಹಾಗೆಯೇ ಉಳಿಯಿತು.

ಮಳೆಗಾಲದಲ್ಲಿ ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುರುಕುವುದು ಅವನ ಕೆಲಸ. ಮದುವೆಯ ಕಾಲ ಬಂತೆಂದರೆ 'ನ್ಯೂ ಪ್ರಭಾತ್ ಬ್ಯಾಂಡ್ ಸೆಟ್'ನ ತಾಳ. ಮೊದಲಿನದ್ದು ಹೊಟ್ಟೆಗೆ, ಎರಡನೆಯದ್ದು ಮರ್ಯಾದೆಗೆ ಎಂದು ಅವನ ಲೆಕ್ಕ. ಬ್ಯಾಂಡಿನಲ್ಲಿ ತಾಳವೇ ಯಜಮಾನ, ಉಳಿದವರೆಲ್ಲ ಒಕ್ಕಲುಗಳು ಎಂದು ಅವನ ಖಚಿತವಾದ ಅಭಿಪ್ರಾಯ. ಒಮ್ಮೆ ಡೋಲಿನ ದಾಸನ ಹತ್ತಿರ ಹೇಳಿಯೂ ಬಿಟ್ಟಿದ್ದ.

"ಕ್ಲಾರ್ನೆಟ್ ಸ್ವರ ತಪ್ಪಿದ್ರೆ ಅದನ್ನ ಮುಚ್ಚೋದು ಯಾರು? ನಿನ್ನ ಡೋಲು ಎಡವಿದ್ರೆ ಮುಚ್ಚೋದು ಯಾರು? ತಾಳ!"

ದಾಸ ಬೀಡಿಯ ಹೊಗೆ ಬಿಟ್ಟು ಹೇಳಿದ, "ಹಾಂಗಾದ್ರೆ ನಿನ್ನ ಅತ್ತೆ ಹೇಳೋದು ಸಮಾ ಆತಲ್ಲಾ ಮಾರಾಯ. ಮುಚ್ಚಳವೇ ಆತು."

ಅಂದಿನಿಂದ ಜಟ್ಟಪ್ಪ ದಾಸನ ಮುಂದೆ ಸಿದ್ಧಾಂತ ಹೇಳುವುದನ್ನು ಬಿಟ್ಟ.

ಹಳೆಯ ತಾಳ ಒಳ್ಳೆಯದಿತ್ತು, ಅದರಲ್ಲಿ ಎರಡು ಮಾತಿಲ್ಲ. ಯಾವ ಕಾಲದ್ದೋ, ಯಾರು ಎರಕ ಹೊಯ್ದದ್ದೋ ಬಲ್ಲವರಿಲ್ಲ. ಬಣ್ಣ ಹಳೆಯ ಬೆಲ್ಲದ್ದು. ಒಮ್ಮೆ ತಾಗಿಸಿದರೆ 'ಗುಂಯ್' ಎಂದು ಎದ್ದು, ದಿಬ್ಬಣದ ತಲೆಯ ಮೇಲೆ ಹಾದು, ದೂರ ಹೋಗಿ ಆರುತ್ತಿತ್ತು. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕಾಯ್ಕಿಣಿಯ ಒಂದು ದಿಬ್ಬಣದಲ್ಲಿ, ಮದುಮಗನ ಮಾವ ಹುರುಪಿನಲ್ಲಿ "ಜೋರು! ಜೋರು!" ಎಂದು ಹುರಿದುಂಬಿಸಿದ. ಜಟ್ಟಪ್ಪನೂ ಉಬ್ಬಿ ಜೋರು ಬಾರಿಸಿದ. ಎಡಗೈಯ ತಾಳ ಅಂಚಿನಿಂದ ನಡುವಿನವರೆಗೆ ಸೀಳಿತು. ಹೊಗಳಿದವರು ಊಟಕ್ಕೆ ಹೋದರು. ಒಡೆದದ್ದು ಜಟ್ಟಪ್ಪನ ಕೈಯಲ್ಲಿ ಉಳಿಯಿತು.

ಬ್ಯಾಂಡಿನ ಯಜಮಾನ ಲಿಂಗಪ್ಪ ಮಾಸ್ತರರು. ಶಾಲೆಯ ಮೆಟ್ಟಿಲು ಹತ್ತಿ ಪಾಠ ಹೇಳಿದವರಲ್ಲ, ಕ್ಲಾರ್ನೆಟ್ ಊದುವುದರಿಂದ ಮಾಸ್ತರರು. ಅವರು ಹುಬ್ಬಳ್ಳಿಗೆ ಹೋಗಿ ಹೊಸ ತಾಳ ತಂದರು. ಅದರ ಹೊಳಪೆಂದರೆ, ಜಟ್ಟಪ್ಪ ಅದರಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದಿತ್ತು. ಶಬ್ದ ಮಾತ್ರ ಅನ್ಯಾಯ. 'ಚಣ್!' ಎಂದು ಒಮ್ಮೆ ಕಿರುಚಿ ಸತ್ತುಹೋಗುತ್ತಿತ್ತು. ಮೊದಲ ದಿನ ಬಾರಿಸಿದ ಮದುವೆ ಮನೆಯಲ್ಲಿ ಅಡುಗೆಯವನು ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದ.

"ಯಾರ್ರಾ ಅದು ಹಂಡೆ ಮುಚ್ಚಳ ಬೀಳ್ಸಿದ್ದು?"

ಅತ್ತೆ ಹೇಳಿದಾಗ ಕಿವುಡಿ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಈ ಅಡುಗೆಯವನ ಎರಡೂ ಕಿವಿ ಸರಿಯಾಗಿಯೇ ಇದ್ದವು. ಜಟ್ಟಪ್ಪನಿಗೆ ಆ ದಿನ ಊಟ ಸೇರಲಿಲ್ಲ.

ಮಾಸ್ತರರು ತಾಳವನ್ನು ಬೆರಳಿನಿಂದ ಬಡಿದು ನೋಡಿ ತಲೆ ಆಡಿಸಿದರು. "ಇದು ಕಾಯಿ, ಜಟ್ಟಪ್ಪ. ಇನ್ನೂ ಹಣ್ಣಾಗ್ಲಿಲ್ಲ. ಇಪ್ಪತ್ತು ವರ್ಷ ಬೇಕು ಹಣ್ಣಾಗೂಕೆ."

"ಇಪ್ಪತ್ತು ವರ್ಷಕ್ಕೆ ನಾನೇ ಹಣ್ಣಾಗಿ ಉದುರ್ತೆ ಮಾಸ್ತ್ರೇ."

"ಅಲ್ಲಿವರೆಗೆ ನೀ ಇದನ್ನ ಹಿಡಿ," ಎಂದು ಮಾಸ್ತರರು ಪೆಟ್ಟಿಗೆಯಿಂದ ಒಂದು ಜೊತೆ ಗಿಲಕಿ ತೆಗೆದರು. ತೊಟ್ಟಿಲಿನ ಮಗುವಿಗೆ ಆಡಿಸುವಂಥದ್ದೇ, ಸ್ವಲ್ಪ ದೊಡ್ಡದು. ಒಳಗೆ ಕಾಳು ತುಂಬಿ ಕೆಂಪು ಬಣ್ಣ ಬಳಿದದ್ದು. ಆಗ ಸಿನಿಮಾ ಹಾಡು ಬಾರಿಸುವ ಬ್ಯಾಂಡಿನವರೆಲ್ಲ ಇಂಥದ್ದನ್ನು ಇಟ್ಟುಕೊಳ್ಳುತ್ತಿದ್ದರು. "ಮಳೆಗಾಲ ಕಳೆದು ಮದುವೆ ಶುರು ಆಗುವಷ್ಟ್ರಲ್ಲಿ ತಾಳದ ಸ್ವರ ತಿರುಗಿದ್ರೆ ತಾಳ. ಇಲ್ದಿದ್ರೆ ಗಿಲಕಿ. ಅಷ್ಟೇಯ."

ಜಟ್ಟಪ್ಪನ ಕಣ್ಣ ಮುಂದೆ ಬಂದದ್ದು ಒಂದೇ ಚಿತ್ರ. ಬರುವ ಫಾಲ್ಗುಣದಲ್ಲಿ ಹೆಂಡತಿಯ ಕಿರಿಯ ತಮ್ಮ ತಿಮ್ಮನ ಮದುವೆ. ಮಿರ್ಜಾನಿನಲ್ಲಿ, ಮಾವನ ಮನೆಯ ಅಂಗಳದಲ್ಲಿ, ಇದೇ ಬ್ಯಾಂಡು. ಜಗಲಿಯ ಮೇಲೆ ಅತ್ತೆ. ಅಂಗಳದಲ್ಲಿ ನಲವತ್ತು ವರ್ಷದ ಅಳಿಯ, ಮೀಸೆ ಹೊತ್ತುಕೊಂಡು, ಗಿಲಿಗಿಲಿ ಗಿಲಕಿ ಆಡಿಸುತ್ತ. ಮುಚ್ಚಳ ಬಡಿಯುವವನೇ ಎಷ್ಟೋ ವಾಸಿ.

ಮಾಸ್ತರರು 'ಹಣ್ಣು' ಎಂದದ್ದು ಅವನ ತಲೆಯಲ್ಲಿ ಹುಳದ ಹಾಗೆ ಕೊರೆಯಿತು. ಹಣ್ಣು ಮಾಡುವುದು ಯಾರಿಗೆ ಗೊತ್ತಿಲ್ಲ? ಕೇರಿಯ ಪ್ರತಿ ಮನೆಯಲ್ಲೂ ಬಾಳೆಗೊನೆ ಹಣ್ಣು ಮಾಡುತ್ತಾರೆ. ಹಿತ್ತಿಲಲ್ಲಿ ಗುಂಡಿ ತೋಡಿ, ಒಣ ಎಲೆ ಹಾಸಿ, ಗೊನೆಯ ಜೊತೆಗೆ ತಾಳವನ್ನೂ ಮಲಗಿಸಿ, ಹೊಗೆ ಕೊಟ್ಟು ಮಣ್ಣು ಮುಚ್ಚಿದ. ನಾಲ್ಕನೆಯ ದಿನ ತೆಗೆದರೆ ಬಾಳೆಹಣ್ಣು ಬಂಗಾರದ ಹಾಗೆ ಆಗಿತ್ತು. ತಾಳ ಹೋದಾಗ ಹೇಗಿತ್ತೋ ಹಾಗೆಯೇ ಇತ್ತು, ಸ್ವಲ್ಪ ಬೆಚ್ಚಗಿತ್ತು ಅಷ್ಟೆ. ಗಣಪಿ ಬಾಳೆಹಣ್ಣು ತಿನ್ನುತ್ತ, "ಇನ್ನೆರಡು ದಿನ ಇಟ್ಟಿದ್ರೆ ಸಿಪ್ಪೆ ಸುಲೀಬಹುದಿತ್ತು," ಎಂದಳು.

ಆಮೇಲೆ ತೆಂಗಿನ ಬುಡದ ಕೆಸರಿನಲ್ಲಿ ಹೂತ. ಎರೆಹುಳಕ್ಕೆ ತಂಪಾದ ಮನೆಯಾಯಿತು. ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿದ. ಮಸಿ ಹಿಡಿಯಿತು, ಒರೆಸಿದರೆ ಹೋಯಿತು, ಒರೆಸಿದ ಪಂಚೆ ಮಾತ್ರ ಮತ್ತೆ ಬಿಳಿಯಾಗಲಿಲ್ಲ. ಗಂಜಲದಲ್ಲಿ ನೆನೆಸು ಎಂದು ಯಾರೋ ಹೇಳಿದರು. ಗಣಪಿ ಪೊರಕೆ ಎತ್ತಿದ್ದರಿಂದ ಆ ಪ್ರಯೋಗ ಅಲ್ಲಿಗೇ ನಿಂತಿತು.

ದಾರಿ ತೋರಿಸಿದ್ದು ಒಂದು ಹಿತ್ತಾಳೆಯ ಸೌಟು.

ಗಣಪಿ ಉಪ್ಪುಮೀನು ಹಾಕುವುದರಲ್ಲಿ ಎತ್ತಿದ ಕೈ. ಅವಳು ಮದುವೆಯಾಗಿ ಬರುವಾಗ ತವರಿನಿಂದ ದೋಣಿಯಲ್ಲಿ ಒಂದು ಮರಿಗೆ ಬಂದಿತ್ತು. ಹಲಸಿನ ದಿಮ್ಮಿಯನ್ನು ತೋಡಿ ಮಾಡಿದ, ಮಗು ಮಲಗುವಷ್ಟು ಅಗಲದ ಮರಿಗೆ. ದುರ್ಗಮ್ಮನ ತಾಯಿಯ ಕಾಲದ್ದು. ಅದರಲ್ಲಿ ಉಪ್ಪು, ಅರಿಶಿನ, ಹುಳಿಗೆ ಮುರುಗಲಿನ ಸಿಪ್ಪೆ ಹಾಕಿ ಬಂಗಡೆ ಮೀನು ಮಲಗಿಸಿದರೆ ಅದಕ್ಕೊಂದು ಬೇರೆಯೇ ವಾಸನೆ ಬರುತ್ತಿತ್ತು. ಎಲ್ಲರೂ ಉಪ್ಪು ಮಾತ್ರ ಹಾಕುತ್ತಾರೆ. ಮುರುಗಲು ಹಾಕುವುದು ಮಿರ್ಜಾನಿನ ಈ ಒಂದು ಮನೆಯ ಪದ್ಧತಿ. ಸಂತೆಯಲ್ಲಿ ಹೆಂಗಸರು ಕಣ್ಣು ಮುಚ್ಚಿ ಮೂಸಿ "ಇದು ಗಣಪಿದು" ಎಂದು ಗುರುತು ಹಿಡಿಯುತ್ತಿದ್ದರು.

ಆ ಮರಿಗೆಯೊಳಗೆ ಮರೆತುಹೋದ ಸೌಟು ಹದಿನೈದು ದಿನದ ಮೇಲೆ ಸಿಕ್ಕಿತು. ಹಸಿರು ಕಿಲುಬು ಕಟ್ಟಿ, ನೂರು ವರ್ಷ ನೆಲದೊಳಗಿದ್ದ ಹಾಗೆ ಕಾಣುತ್ತಿತ್ತು. ಜಟ್ಟಪ್ಪ ಅದನ್ನು ಕಲ್ಲಿಗೆ ತಾಗಿಸಿದ. 'ಟಿಣ್' ಎನ್ನಲಿಲ್ಲ, 'ಠೊಂಯ್' ಎಂದಿತು. ಅವನ ಕಿವಿ ನೆಟ್ಟಗಾಯಿತು.

ಮಳೆ ಹಿಡಿಯುವ ಮೊದಲು ಕೊನೆಯ ಮೀನು ತೆಗೆದಾದ ಮೇಲೆ ಮರಿಗೆಯ ತಳದ ಉಪ್ಪುನೀರು ಚೆಲ್ಲಿ ತೊಳೆದು ಕವುಚಿಡುವುದು ರೂಢಿ. ಆ ವರ್ಷ ಜಟ್ಟಪ್ಪ ತಾನಾಗಿಯೇ ಮುಂದೆ ಬಂದ. "ನೀ ಕೂತ್ಕೋ. ನಾ ಚೆಲ್ತೆ."

ಕೈ ಹಿಡಿದ ಹದಿಮೂರು ವರ್ಷದಲ್ಲಿ ಊಟದ ಬಟ್ಟಲು ಎತ್ತಿಡದ ಗಂಡಸು ಮರಿಗೆ ತೊಳೆಯುತ್ತೇನೆ ಎಂದರೆ ಯಾವ ಹೆಂಡತಿಗಾದರೂ ಸಂಶಯ ಬರಬೇಕಿತ್ತು. ಪಾಪ, ಗಣಪಿಗೆ ಬಂದದ್ದು ಸಂತೋಷ. ಜಟ್ಟಪ್ಪ ಕೊಟ್ಟಿಗೆಗೆ ಹೋಗಿ, ಉಪ್ಪುನೀರಿನಲ್ಲಿ ತಾಳಗಳನ್ನು ಮುಳುಗಿಸಿ, ಮೇಲೆ ಉಳಿದ ಮೀನಿನ ತಲೆ ಬಾಲ ಹರಡಿ, ಹಲಗೆ ಮುಚ್ಚಿ, ಕಲ್ಲು ಹೇರಿ, ಹೊರಗೆ ಎರಡು ಕೊಡ ಬಾವಿ ನೀರನ್ನು ಸದ್ದು ಮಾಡಿ ಚೆಲ್ಲಿ ಬಂದ. ಮೂರು ತಿಂಗಳು ಮಳೆ ಹೊಯ್ಯಿತು. ಅವನು ದೋಣಿಯ ಸಂದಿಗೆ ಹತ್ತಿ ತುರುಕುತ್ತ, ಒಳಗೊಳಗೇ 'ತಾಳಿದವನು ಬಾಳಿಯಾನು' ಎಂದು ಜಪ ಮಾಡಿದ.

ಚೌತಿಗೆ ನಾಲ್ಕು ದಿನ ಇರುವಾಗ ಗಣಪಿ ಕೊಟ್ಟಿಗೆ ಗುಡಿಸಲು ಹೋದವಳು ಹಲಗೆ ಎತ್ತಿದಳು. ಅವಳು ಹಾಕಿದ ಕೂಗಿಗೆ ಬಂದರಿನಲ್ಲಿದ್ದ ಜಟ್ಟಪ್ಪನ ಕೈಯಿಂದ ಉಳಿ ಬಿತ್ತು. ಓಡಿ ಬಂದು ನೋಡಿದರೆ ಮರಿಗೆಯ ನೀರು ಗಿಳಿಹಸಿರು. ಗಣಪಿ ತೋಳಿನವರೆಗೆ ಕೈ ಅದ್ದಿ, ಒಂದು ತಾಳವನ್ನು ಕೆಸುವಿನ ಎಲೆಯ ಹಾಗೆ ಹಿಡಿದು ಎಳೆದು, ಸಿಟ್ಟಿನಲ್ಲಿ ಬಾವಿಕಟ್ಟೆಯ ಕಲ್ಲಿಗೆ ಕುಕ್ಕಿದಳು.

'ಗುಂಯ್ಯ್...'

ಹಳೆಯ ತಾಳಕ್ಕಿಂತ ಒಂದು ಕೈ ಮೇಲು. ಕರಿಹಸಿರು ಬಣ್ಣದ ಆ ಕಂಚಿನಿಂದ ಶಬ್ದ ಎದ್ದು, ತೆಂಗಿನ ಮರಗಳ ನಡುವೆ ಹೋಗಿ, ಹೊಳೆಗೆ ಇಳಿದು ಆರಿತು. ಜಟ್ಟಪ್ಪನ ಕಣ್ಣಲ್ಲಿ ನೀರು ಬಂತು. ಗಣಪಿಯ ಕಣ್ಣಲ್ಲೂ ಬಂತು, ಬೇರೆ ಕಾರಣಕ್ಕೆ. ಅವಳು ಮರಿಗೆಯ ಒಳಮೈಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು. ಹಸಿರು ಮರದೊಳಗೆ ಇಳಿದಿತ್ತು. ಕಿಲುಬು ವಿಷ. ಅಜ್ಜಿಯ ಕಾಲದಿಂದ ಬಂದ ಮರಿಗೆಯಲ್ಲಿ ಇನ್ನು ಒಂದು ಮೀನನ್ನೂ ಹಾಕುವಂತಿರಲಿಲ್ಲ.

"ಅವ್ವಿಗೆ ಎಂತ ಹೇಳ್ಲಿ ನಾನು?" ಎಂದಳು. ಅಷ್ಟೇ. ಆಮೇಲೆ ಹನ್ನೊಂದು ದಿನ ಗಂಡನ ಜೊತೆ ಮಾತಿಲ್ಲ. ಹೇಳಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದಳು. "ಗಂಜಿ ಬಡಿಸಿಟ್ಟಿದೆ, ಬೇಕಾದವರು ಉಣ್ಲಿ ಅಂತ ಹೇಳು." ಬೆಕ್ಕು ಜಟ್ಟಪ್ಪನ ಮುಖ ನೋಡುತ್ತಿತ್ತು. ಜಟ್ಟಪ್ಪ ಬೆಕ್ಕಿಗೆ "ಆತು" ಎನ್ನುತ್ತಿದ್ದ.

ಲಿಂಗಪ್ಪ ಮಾಸ್ತರರು ತಾಳದ ಶಬ್ದ ಕೇಳಿ ಎದ್ದು ನಿಂತರು. "ಎಲ್ಲಿ ಸಿಕ್ಕಿತು ಇದು?" ಎಂದರು. ಅದೇ ಹುಬ್ಬಳ್ಳಿಯ ತಾಳ ಎಂದರೆ ನಂಬಲಿಲ್ಲ. ಹೇಗೆ ಮಾಡಿದೆ ಎಂದರೆ ಜಟ್ಟಪ್ಪ ಹೇಳಲಿಲ್ಲ. ಗಿಲಕಿ ಮರಳಿ ಪೆಟ್ಟಿಗೆ ಸೇರಿತು. ಮಾಸ್ತರರು ಮೂಗನ್ನು ಒಮ್ಮೆ ಉಜ್ಜಿಕೊಂಡರು ನಿಜ. ಆದರೆ ಅವರ ಮನೆ ಮೀನು ಮಾರುಕಟ್ಟೆಯ ಹಿಂದೆಯೇ ಇದ್ದದ್ದರಿಂದ ಆ ವಿಷಯ ಮುಂದುವರಿಯಲಿಲ್ಲ.

ತುಳಸಿ ಹಬ್ಬ ಕಳೆದ ಮೊದಲ ಮುಹೂರ್ತಕ್ಕೆ ಕುಮಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯ ಮದುವೆ. ಮೀನು ಮುಟ್ಟದ ಮನೆ. ಮುಟ್ಟುವುದಿರಲಿ, ಅದರ ಹೆಸರನ್ನೂ ಎತ್ತದ ಮನೆ. ಅಂಗಳದ ತುಂಬ ಚಪ್ಪರ, ಒಳಗೆ ತುಪ್ಪದ ಘಮ. ಬ್ಯಾಂಡಿನವರು ಚಪ್ಪರದ ಬಾಗಿಲಲ್ಲಿ ನಿಂತರು. ಜಟ್ಟಪ್ಪ ಎರಡೂ ಕೈ ಎತ್ತಿ ತಾಳ ತಾಗಿಸಿದ. 'ಗುಂಯ್!' ಹಿರಿಯರೊಬ್ಬರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, "ಭೇಷ್! ಇದು ವಾದ್ಯ ಅಂದ್ರೆ," ಎಂದರು.

ಭೇಷ್ ಎಂದವರೇ ಮರುಕ್ಷಣ ಉತ್ತರೀಯ ಮೂಗಿಗೆ ಹಿಡಿದರು.

ಎರಡು ತಾಳ ಒಂದಕ್ಕೊಂದು ತಾಗುವಾಗ ನಡುವಿನ ಗಾಳಿ ಎಲ್ಲಿ ಹೋಗಬೇಕು? ಮುಂದೆ ಇದ್ದವರ ಮುಖಕ್ಕೆ. ಜಟ್ಟಪ್ಪ ಒಂದೊಂದು ಪೆಟ್ಟು ಹಾಕಿದಾಗಲೂ ಮಿರ್ಜಾನಿನ ಮರಿಗೆಯ ಮೂರು ತಿಂಗಳ ಹಣ್ಣು ವಾಸನೆ, ಬೀಸಣಿಗೆಯಲ್ಲಿ ಬೀಸಿದ ಹಾಗೆ, ಚಪ್ಪರದೊಳಗೆ ಹೋಗುತ್ತಿತ್ತು. ಪಟ್ಟೆ ಸೀರೆಯ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲೋ ಏನೋ ಸತ್ತಿದೆ ಎಂದು ಮೆಲ್ಲಗೆ ಸುದ್ದಿ ಹಬ್ಬಿತು. ವಾದ್ಯ ನಿಲ್ಲಿಸಿ ಹುಡುಕಾಟ ಶುರುವಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹುಟ್ಟಿದಂದಿನಿಂದ ಒಣಮೀನಿನ ನಡುವೆ ಬೆಳೆದ ಮೂಗಿಗೆ ಒಣಮೀನಿನ ವಾಸನೆ ಎಂಬುದೇ ಇರುವುದಿಲ್ಲ. ಅದು ಬರಿಯ ಗಾಳಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲು ಕುಂಬಳಕಾಯಿ ಕದ್ದದ್ದು ತನಗೆ ಗೊತ್ತಿರಬೇಕಲ್ಲ? ಜಟ್ಟಪ್ಪನಿಗೆ ದೇವರಾಣೆ ಗೊತ್ತಿರಲಿಲ್ಲ. ಮದುವೆ ಮನೆಯವರ ಕಷ್ಟ ನೋಡಲಾಗದೆ ಅವನೂ ಹುಡುಕಲು ಹೊರಟ. ತಾಳ ನೆಲದಲ್ಲಿಡುವ ವಸ್ತುವಲ್ಲ ಎಂದು ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡೇ ಹೊರಟ.

ಬಾವಿಕಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡಿದ. ಹಿಂದೆ ಬಂದವರು ಮೂಸಿ, "ಹೌದು, ಇಲ್ಲೇ!" ಎಂದರು. ಬಾವಿಗೆ ಆಳು ಇಳಿದ. ಜಟ್ಟಪ್ಪ ಚರಂಡಿಯ ಕಡೆ ನಡೆದ. "ಅಲ್ಲ, ಇಲ್ಲಿ!" ಎಂದು ಚರಂಡಿಯ ಹಾಸುಗಲ್ಲು ಎಬ್ಬಿಸಿದರು. ಚಪ್ಪರದ ಮೂಲೆಯ ಅಲಂಕಾರದ ಹಿಂದೆ ಇಣುಕಿದ. ಮಾವಿನ ತೋರಣ, ಬಣ್ಣದ ಕಾಗದ, ಬಾಳೆಕಂಬ ಎಲ್ಲ ಕಿತ್ತು ನೆಲಕ್ಕೆ ಬಂತು. ಎಲ್ಲಿ ಹೋದರೂ ವಾಸನೆ ತನಗಿಂತ ಮೊದಲೇ ಬಂದು ಕೂತಿರುವುದನ್ನು ಜನ ಹೇಳಿದಾಗ ಜಟ್ಟಪ್ಪ ಗಂಭೀರವಾಗಿ ಮಾಸ್ತರರಿಗೆ ಹೇಳಿದ, "ಇದು ಒಂದು ಇಲಿ ಅಲ್ಲ ಮಾಸ್ತ್ರೇ. ನಾಕೈದು ಸತ್ತಿರ್ಬೇಕು."

ಸತ್ಯ ಹಿಡಿದದ್ದು ಆ ಮನೆಯ ಎರಡು ಬೆಕ್ಕುಗಳು. ಅವು ಯಾರ ಹತ್ತಿರವೂ ಸುದ್ದಿ ಕೇಳದೆ, ಬಾಲ ಎತ್ತಿ ಬಂದು ಜಟ್ಟಪ್ಪನ ಎದುರು ಶಿಸ್ತಾಗಿ ಕೂತು, ಅವನ ಕಂಕುಳನ್ನೇ ನೋಡತೊಡಗಿದವು. ಅವನು ಎರಡು ಹೆಜ್ಜೆ ಸರಿದ. ಬೆಕ್ಕುಗಳೂ ಸರಿದವು. ಮನೆಯ ಯಜಮಾನರು ಬೆಕ್ಕುಗಳನ್ನು ನೋಡಿದರು, ಜಟ್ಟಪ್ಪನನ್ನು ನೋಡಿದರು, ಕೈ ಮುಗಿದರು.

"ನಿಮ್ಮ ವಾದ್ಯ ಬಹಳ ಚಂದ ಇದೆ. ದಯವಿಟ್ಟು ರಸ್ತೆಯ ಆಚೆ ನಿಂತು ಬಾರಿಸಿ. ಗಾಳಿ ಆ ಕಡೆ ಬೀಸುವಾಗ ಮಾತ್ರ."

ಹೊನ್ನಾವರದಲ್ಲಿ ಬಸ್ಸು ಇಳಿಯುವಾಗ ಮಾಸ್ತರರು ಗಿಲಕಿಯನ್ನು ಜಟ್ಟಪ್ಪನ ಕೈಯಲ್ಲಿಟ್ಟರು. ಅವನು ತಾಳವನ್ನು ಅಂಟುವಾಳದಲ್ಲಿ ತೊಳೆದ, ಹಿಡಿಕೆಯ ಚರ್ಮದ ಪಟ್ಟಿ ಬದಲಿಸಿದ, ಬಿಸಿಲಿಗೆ ಹಾಕಿ ಕಾಗೆ ಕಾದ. ದಾಸ ದಿನಾ ಬಂದು ಮೂಸಿ, "ಇದೆ," ಎಂದು ಹೇಳಿ ಹೋಗುತ್ತಿದ್ದ. ಹುಣಸೆಹುಳಿ ಹಾಕಿ ತಿಕ್ಕಿದರೆ ಕಿಲುಬೂ ಹೋಗುತ್ತಿತ್ತು, ವಾಸನೆಯೂ ಹೋಗುತ್ತಿತ್ತು. ಜೊತೆಗೆ ಸ್ವರವೂ ಹೋಗಿ ಮತ್ತೆ 'ಚಣ್' ಆಗುತ್ತಿತ್ತು. ಹುಣಸೆಹಣ್ಣಿನ ಉಂಡೆ ಕೈಯಲ್ಲಿ ಹಿಡಿದು ಮೂರು ಸಲ ಬಾವಿಕಟ್ಟೆಗೆ ಹೋದ. ಮೂರು ಸಲವೂ ತಿಕ್ಕಲಾಗದೆ ಮರಳಿದ. ಕೊನೆಗೆ ತಾಳವನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದು, ಆ ಇಡೀ ಕಾಲ ಗಿಲಕಿ ಆಡಿಸಿದ. ಇಡಗುಂಜಿಯ ಒಂದು ಮದುವೆಯಲ್ಲಿ ಯಾರದೋ ಕಂಕುಳಲ್ಲಿದ್ದ ಕೂಸು ಅವನ ಗಿಲಕಿಗೆ ಕೈ ಚಾಚಿ ಹಟ ಹಿಡಿದಾಗ, ಜಟ್ಟಪ್ಪನಿಗೆ ಹೊಳೆಗೆ ಹಾರಿಬಿಡೋಣ ಎನಿಸಿತು.

ಫಾಲ್ಗುಣ ಬಂತು. ತಿಮ್ಮನ ದಿಬ್ಬಣ ಮಿರ್ಜಾನಿನಿಂದ ಹೆಣ್ಣಿನ ಮನೆಗೆ ಹೊರಡುವ ಬೆಳಿಗ್ಗೆ. ಬ್ಯಾಂಡಿನವರು ಅಂಗಳದಲ್ಲಿ ಸಾಲು ನಿಂತರು. ಜಟ್ಟಪ್ಪ ಸಾಲಿನ ಕೊನೆಯಲ್ಲಿ, ಗಿಲಕಿಯನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದ. ಜಗಲಿಯ ಮೇಲೆ ಮಣೆ ಹಾಕಿ ದುರ್ಗಮ್ಮನನ್ನು ಕೂರಿಸಿದ್ದರು. ಎರಡು ವರ್ಷದಿಂದ ಕಣ್ಣಿಗೂ ಪೊರೆ ಬಂದು, ಅವಳಿಗೆ ಎದುರಿನವರು ನೆರಳಿನ ಹಾಗೆ ಕಾಣುತ್ತಿದ್ದರು. ಕಿವಿ ಮೊದಲೇ ಇಲ್ಲ. ಮಗನ ಮದುವೆ ಎಂಬುದನ್ನು ಹೊಸ ಸೀರೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ತಿಳಿದುಕೊಳ್ಳುತ್ತಿದ್ದಳು.

ಆಗ ಗಣಪಿ ಒಳಗಿನಿಂದ ಬಂದಳು. ಕೈಯಲ್ಲಿ ಗೋಣಿಯ ಗಂಟು. ನೇರ ಮಾಸ್ತರರ ಎದುರು ನಿಂತು ಗಂಟು ಬಿಚ್ಚಿದಳು.

"ಮಾಸ್ತ್ರೇ, ಇದು ಮೀನಿನವರ ಮನೆ. ಇಲ್ಲಿ ಮೂಗು ಮುಚ್ಚುವವರು ಯಾರೂ ಇಲ್ಲ. ನಂಗೆ ಈ ತಾಳಕ್ಕಾಗಿ ಅಜ್ಜಿ ಮರಿಗೆ ಹೋತು. ಮರಿಗೆನೂ ಹೋಗಿ ತಾಳನೂ ಹೋದ್ರೆ ನಂಗೆ ಉಳಿದದ್ದು ಎಂತ? ಗಿಲಕಿಯಾ?" ಎಂದವಳು ಗಂಡನ ಕೈಯಿಂದ ಗಿಲಕಿ ಕಿತ್ತು ತಮ್ಮನ ಅಂಗಳದ ಕೆಸುವಿನ ಹಿಂಡಿಗೆ ಒಗೆದಳು. "ಹೋಯ್, ನಿಮ್ಗೇ ಹೇಳೋದು. ಹಿಡೀರಿ!"

ಮಾಸ್ತರರು ನಲವತ್ತು ವರ್ಷ ಮದುವೆ ಮನೆಗಳನ್ನು ಕಂಡವರು. ಯಾರ ಎದುರು ಮಾತಾಡಬಾರದು ಎಂದು ಅವರಿಗೆ ಗೊತ್ತಿತ್ತು. ಕ್ಲಾರ್ನೆಟ್ ಬಾಯಿಗಿಟ್ಟರು. ದಾಸ ಡೋಲು ಎತ್ತಿದ. ಜಟ್ಟಪ್ಪ ಉಸಿರು ಎಳೆದು, ಹದಿಮೂರು ವರ್ಷದ ಮುಳ್ಳನ್ನೆಲ್ಲ ಕೈಗೆ ತಂದು, ತಾಳ ತಾಗಿಸಿದ.

'ಗುಂಯ್ಯ್!'

ಹೊಳೆಯ ಆಚೆ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದವರು ತಲೆ ಎತ್ತಿದರು. ಅಂಗಳದಲ್ಲಿ ಜನ "ಹೋ" ಎಂದರು. ಜಗಲಿಯ ಮೇಲೆ ದುರ್ಗಮ್ಮ ಬೆರಳಾಡಿಸುವುದನ್ನು ನಿಲ್ಲಿಸಿದಳು. ಮುಖ ಎತ್ತಿದಳು. ಮೂಗು ಅರಳಿತು.

ಎರಡನೆಯ ಪೆಟ್ಟು. ಅವಳು ಜಟ್ಟಪ್ಪ ನಿಂತ ಕಡೆಗೇ ಮುಖ ತಿರುಗಿಸಿದಳು. ಮೂರನೆಯದಕ್ಕೆ, "ಹಾಂ," ಎಂದಳು. ನಾಲ್ಕನೆಯದಕ್ಕೂ "ಹಾಂ." ಆಮೇಲೆ ಅವಳ ಬಲಗೈ ಮಣೆಯ ಅಂಚಿನ ಮೇಲೆ ಮೆಲ್ಲಗೆ ಬಡಿಯತೊಡಗಿತು. ಪ್ರತಿ ಪೆಟ್ಟಿನ ಗಾಳಿ ಜಗಲಿ ಮುಟ್ಟಿದ ಕೂಡಲೇ ಒಂದು ಬಡಿತ. ತಾಳಕ್ಕಿಂತ ಅರೆಗಳಿಗೆ ಹಿಂದೆ, ಆದರೆ ಒಂದೂ ತಪ್ಪಲಿಲ್ಲ.

"ಗಣಪೀ," ಎಂದು ಅವಳು ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದಳು. "ನಮ್ಮ ಮರಿಗೆ ತಂದ್ಯನೇ? ಮರಿಗೆ ಬತ್ತಾ ಇದೆ, ಹೋಗ್ತಾ ಇದೆ, ಬತ್ತಾ ಇದೆ, ಹೋಗ್ತಾ ಇದೆ. ಎಂತದೇ ಇದು?"

ವಾದ್ಯ ನಿಂತಿತು. ಮರಿಗೆಯ ಸಾವಿನ ಸುದ್ದಿಯನ್ನು ಗಣಪಿ ತಾಯಿಗೆ ಇನ್ನೂ ಹೇಳಿರಲಿಲ್ಲ. ಜಟ್ಟಪ್ಪ ಅಪರಾಧಿಯ ಹಾಗೆ ಜಗಲಿಯ ಹತ್ತಿರ ಹೋಗಿ, ಒಂದು ತಾಳವನ್ನು ಅತ್ತೆಯ ಮಡಿಲಿನಲ್ಲಿ ಇಟ್ಟ. ಹೇಳಿ ತಿಳಿಸಲು ಬೇರೆ ದಾರಿ ಇರಲಿಲ್ಲ.

ದು​ರ್ಗಮ್ಮ ಅದರ ಅಂಚನ್ನು ಸುತ್ತ ತಡವಿದಳು. ಹಿಡಿಕೆ ತಡವಿದಳು. ಕಿಲುಬನ್ನು ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದಳು. ತನ್ನ ತಾಯಿ, ತಾನು, ತನ್ನ ಮಗಳು, ಮೂರು ತಲೆಮಾರು ಕೈಯಾಡಿಸಿದ ಮರಿಗೆಯನ್ನು ಬಹಳ ಹೊತ್ತು ಮೂಸಿದಳು. ಏನು ಆಗಿರಬೇಕು ಎಂದು ಅವಳಿಗೆ ಗೊತ್ತಾಯಿತು. ಅವಳು ಕಿವುಡಿ, ದಡ್ಡಿಯಲ್ಲ.

ಕೊನೆಗೆ ಕೈ ಚಾಚಿ ಹುಡುಕಿ, ಅಳಿಯನ ಮೊಣಕೈ ಹಿಡಿದುಕೊಂಡಳು.

"ಚೊಲೋ ಬಾರಿಸ್ತಿ ಅಳಿಯ," ಎಂದಳು. "ಇಷ್ಟು ವರ್ಷ ನಂಗೆ ಕೇಳಿರ್ಲಿಲ್ಲ." ಮತ್ತೆ ಒಮ್ಮೆ ಮೂಸಿ, ಮುಖ ಸ್ವಲ್ಪ ಕಿವುಚಿದಳು. "ಉಪ್ಪು ಮಾತ್ರ ಒಂದು ಮುಷ್ಟಿ ಕಡಮೆ ಆತು."

"ಮುಂದಿನ ಸಲ ಹಾಕ್ತೆ ಅತ್ತೆ!" ಎಂದು ಜಟ್ಟಪ್ಪ ಗಂಟಲು ಹರಿಯುವ ಹಾಗೆ ಕೂಗಿದ. ಅವಳಿಗೆ ಕೇಳಲಿಲ್ಲ. ಅವನು ಮಡಿಲಿನಿಂದ ತಾಳ ಎತ್ತಿಕೊಂಡು, ಅವಳ ಮುಖದ ಎದುರು, ಮೆತ್ತಗೆ ಒಂದೇ ಒಂದು ಸಲ ತಾಗಿಸಿದ.

"ಹಾಂ, ಆತು," ಎಂದಳು ದುರ್ಗಮ್ಮ. "ಇನ್ನು ಹೊರಡಿ. ಮುಹೂರ್ತ ಮೀರ್ತದೆ."